ಕಣಕ್ಕಿಳಿಯುವ ಮಕ್ಕಳು, ಕಣದಾಚೆಯ ಹಿರಿಯರು

ತಮ್ಮ ಮನೆಯ ಮಗನೋ ಮಗಳೋ ವಾರಕ್ಕೆರಡು ಸಂಜೆ ಬಿಳಿಯ ಉಡುಪು ತೊಟ್ಟು, ಸೊಂಟಕ್ಕೆ ಬಣ್ಣದ ಪಟ್ಟಿ ಬಿಗಿದು ಕರಾಟೆಯ ತರಗತಿಗೆ ಹೋಗುತ್ತಿರಬಹುದು. ಜೂಡೋ, ಟೇಕ್ವಾಂಡೋ, ಕುಸ್ತಿ, ಯಾವುದಾದರೂ ಸರಿಯೆ. ಒಂದೆರಡು ವರ್ಷ ಕಳೆದ ಮೇಲೆ ಸ್ಪರ್ಧೆಗೆ ಹೆಸರು ಕೊಡುವ ದಿನ ಬರುತ್ತದೆ. ಒದೆತ, ಹೊಡೆತ, ಪಟ್ಟುಗಳನ್ನು ಕಲಿಸಲು ಗುರುಗಳಿದ್ದಾರೆ. ಆದರೆ ಆ ದಿನ ಯಾವ ಮನಸ್ಸಿನಿಂದ ಕಣಕ್ಕಿಳಿಯಬೇಕು, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮಗುವಿಗೆ ಹೇಳುವವರು ವಿರಳ. ಕನ್ನಡ ಪಂಡಿತನಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಹಳ್ಳಿಯ ಪ್ರೌಢಶಾಲೆಯಲ್ಲಿ ಮಕ್ಕಳನ್ನು ಪಂದ್ಯಕ್ಕೆ ಕರೆದೊಯ್ಯುವ ಕೆಲಸ ಯಾರ ಪಾಲಿಗೆ ಬರುವುದೆಂದು ಹೇಳಲಾಗದು. ನನ್ನ ಪಾಲಿಗೆ ಹಲವು ಸಲ ಬಂದಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕರಾಟೆಯ ಪಂದ್ಯದಲ್ಲಿ ಕೊನೆಯವರೆಗೂ ಸರಿಸಮನಾಗಿ ನಿಂತ. ತೀರ್ಪುಗಾರರ ಬಾವುಟಗಳು ಎದ್ದವು: ಮೂರು ಎದುರಾಳಿಗೆ, ಎರಡು ಇವನಿಗೆ. ಹುಡುಗ ಬಾಗಿ ವಂದಿಸಿ ಕೈ ಚಾಚುವಷ್ಟರಲ್ಲಿ ಅವನ ಸೋದರಮಾವ ಕಣದ ಅಂಚಿಗೇ ನುಗ್ಗಿ ಬಂದು, "ಕೈ ಕೊಡುವುದೆಂಥದ್ದು! ಎಲ್ಲ ಮೊದಲೇ ಮಾತಾಡಿಕೊಂಡದ್ದು" ಎಂದು ಗದರಿ, ಅವನ ತೋಳು ಹಿಡಿದು ಎಳೆದೊಯ್ದರು. ಚಾರ್ಮಾಡಿಯ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದ ಹುಡುಗ ಉಜಿರೆ ದಾಟಿದರೂ ತುಟಿ ಬಿಚ್ಚಲಿಲ್ಲ. ಸೋಮಂತಡ್ಕದಲ್ಲಿ ಇಳಿಯುವಾಗ ಮೆಲ್ಲನೆ ಕೇಳಿದ: "ಸರ್, ನಾನು ಸೋತದ್ದಾ, ಅಲ್ಲ ಮೋಸ ಆದದ್ದಾ?"

ನನಗೆ ಉತ್ತರ ತೋಚಲಿಲ್ಲ. ಮರುವಾರದಿಂದ ಅವನು ತರಗತಿಗೆ ಹೋಗುವುದನ್ನು ಬಿಟ್ಟ. ಯೋಚಿಸಿ ನೋಡಿ, ಅದು ಸಹಜವೇ. ಸೋತವನಿಗೆ ಕಲಿಯಲು ಏನಾದರೂ ಇರುತ್ತದೆ. ಮೋಸ ಹೋದೆನೆಂದು ನಂಬಿದವನಿಗೆ ಕಲಿಯಲು ಏನಿದೆ? ಪ್ರೀತಿಯಿಂದ ಆಡಿದ ಆ ಒಂದು ಮಾತು ಹುಡುಗನಿಂದ ಕಸಿದುಕೊಂಡದ್ದು ಪದಕವನ್ನಲ್ಲ, ವಿದ್ಯೆಯನ್ನು.

ಮಕ್ಕಳ ಆಟದಲ್ಲಿ ಹಿರಿಯರು ಕೈಹಾಕಿದರೆ ಏನಾಗುತ್ತದೆಂಬುದು ತುಳುನಾಡಿನವರಿಗೆ ಹೊಸತಲ್ಲ. ಗರಡಿ ಎಂದರೆ ಮೂಲತಃ ಅಂಗಸಾಧನೆಯ ಮನೆ. ಇಂದು ನಮ್ಮ ಗರಡಿಗಳಲ್ಲಿ ಆರಾಧನೆಗೊಳ್ಳುವ ಕೋಟಿ–ಚೆನ್ನಯರ ಪಾಡ್ದನವನ್ನು ಕೇಳಿದವರು ಬಲ್ಲರು: ಬುದ್ಯಂತನ ಮಕ್ಕಳೊಡನೆ ಈ ಅವಳಿ ವೀರರು ಬಾಲ್ಯದಲ್ಲಿ ಆಡಿದ ಆಟದಲ್ಲಿ ಜಗಳ ಹುಟ್ಟಿತು, ಬುದ್ಯಂತ ತಾನೇ ನಡುವೆ ಬಂದ. ಮಕ್ಕಳು ಸಂಜೆಗೆ ಮರೆಯಬಹುದಾಗಿದ್ದ ಮುನಿಸು ಹಗೆಯಾಗಿ ಬೆಳೆದು, ಅವರು ದೊಡ್ಡವರಾದ ಮೇಲೆ ಬುದ್ಯಂತನ ಜೀವವನ್ನೇ ತೆಗೆಯಿತು.

ಇನ್ನು ಮಕ್ಕಳ ವಿಷಯ. ಸನ್ನಡತೆ ಎಂದರೆ ಆಟ ಮುಗಿದ ಮೇಲೆ ತೋರಿಸುವ ಒಂದು ಔಪಚಾರಿಕತೆ ಎಂದು ಹಲವರು ತಿಳಿದಿದ್ದಾರೆ. ಸಮರಕಲೆಗಳಲ್ಲಿ ಹಾಗಲ್ಲ, ಅದು ವಿದ್ಯೆಯ ಒಳಗೇ ಸೇರಿದೆ. ಕರಾಟೆಯ ಅಂತರರಾಷ್ಟ್ರೀಯ ನಿಯಮಗಳಲ್ಲಿ ಒಂದು ಹೊಡೆತಕ್ಕೆ ಅಂಕ ಸಿಗಬೇಕಾದರೆ ಅದು ಗುರಿ ಮುಟ್ಟಿದರೆ ಸಾಲದು. ಭಂಗಿ, ಬಿರುಸು, ಸಮಯ, ಅಂತರ ಇವುಗಳ ಜೊತೆಗೆ ಕ್ರೀಡಾಮನೋಭಾವವನ್ನೂ ನೋಡುತ್ತಾರೆ. 'ಜಾನ್‌ಶಿನ್' ಎಂಬ ಇನ್ನೊಂದು ಲಕ್ಷಣವೂ ಉಂಟು: ಹೊಡೆತ ಮುಗಿದ ಮೇಲೂ ಎಚ್ಚರ ತಪ್ಪದಿರುವುದು. ಹೊಡೆದೊಡನೆ ಬೆನ್ನು ತಿರುಗಿಸಿ ಕೈಯೆತ್ತಿ ಕುಣಿಯುವವನಲ್ಲಿ ಈ ಲಕ್ಷಣ ಎಲ್ಲಿ ಬಂತು? ಬಿದಿರಿನ ಕತ್ತಿಯ ಆಟವಾದ ಕೆಂಡೋದಲ್ಲಂತೂ ಅಂಕ ಗಳಿಸಿದವನು ಮೆರೆದಾಡಿದರೆ ಕೊಟ್ಟ ಅಂಕವನ್ನೇ ಹಿಂದಕ್ಕೆ ಪಡೆಯಬಹುದು. ಪೆಟ್ಟಾದಂತೆ ನಟಿಸುವುದೂ ಕರಾಟೆಯಲ್ಲಿ ತಪ್ಪೇ. ಪೆಟ್ಟನ್ನು ಎದುರಾಳಿಯ ಮುಖದ ಬಳಿ ಹಿಡಿದು ನಿಲ್ಲಿಸಬಲ್ಲವನೇ ಕುಶಲಿ. ಮೂಗಿನಲ್ಲಿ ರಕ್ತ ಬರಿಸಿದವನಿಗೆ ದೊರೆಯುವುದು ಎಚ್ಚರಿಕೆ.

ನಮ್ಮ ಮುಂಡಾಜೆಯಲ್ಲಿ ಪರಶುರಾಮನ ದೇವಸ್ಥಾನವಿದೆ. ಭೀಷ್ಮ, ದ್ರೋಣ, ಕರ್ಣರ ಗುರು ಆತ. ಸುಳ್ಳು ಹೇಳಿ ಕಲಿತ ಅಸ್ತ್ರ ಬೇಕಾದಾಗ ಕೈಕೊಡುವುದೆಂದು ಕರ್ಣನಿಗೆ ಶಾಪ ಬಂದ ಕಥೆಯನ್ನು ಪಾಠ ಮಾಡುವಾಗ ಮಕ್ಕಳು ಗಂಭೀರರಾಗುತ್ತಾರೆ. ಆದರೆ ಭೀಮ ದುರ್ಯೋಧನನ ತೊಡೆ ಮುರಿದ ಪ್ರಸಂಗಕ್ಕೆ ಬಂದೊಡನೆ ತರಗತಿ ಎರಡಾಗಿ ಒಡೆಯುತ್ತದೆ! ಹೊಕ್ಕುಳಿನಿಂದ ಕೆಳಗೆ ಗದೆ ಬೀಸಬಾರದೆಂಬುದು ನಿಯಮ. ಇಬ್ಬರಿಗೂ ಗದಾವಿದ್ಯೆ ಕಲಿಸಿದ ಬಲರಾಮ ಆ ಹೊಡೆತವನ್ನು ಕಂಡು ಕೆರಳಿ ನೇಗಿಲೆತ್ತಿದ. ಭೀಮನಿಗೆ ಪ್ರತಿಜ್ಞೆಯಿತ್ತು, ದ್ರೌಪದಿಯ ಅವಮಾನದ ನೆನಪಿತ್ತು, ಎಲ್ಲವೂ ಸರಿ. ರನ್ನ ಕವಿ ಹತ್ತನೆಯ ಶತಮಾನದ ಕೊನೆಯಲ್ಲಿ ಅವನನ್ನೇ ನಾಯಕನನ್ನಾಗಿ ಮಾಡಿ ಕಾವ್ಯ ಬರೆದ. ಆದರೂ ನಮ್ಮ ತಾಳಮದ್ದಳೆಗಳಲ್ಲಿ ಅರ್ಥಧಾರಿಗಳು ಆ ಒಂದು ಹೊಡೆತವನ್ನು ಸಮರ್ಥಿಸಲು ಇಂದಿಗೂ ರಾತ್ರಿಯೆಲ್ಲ ಬೆವರು ಸುರಿಸುತ್ತಾರೆ. ಗೆದ್ದ ಮೇಲೂ ವಿವರಣೆ ಕೊಡುತ್ತಲೇ ಇರಬೇಕಾದ ಗೆಲುವು ಎಂಥದೆಂಬುದನ್ನು ಹುಡುಗರೇ ಚರ್ಚಿಸಲಿ ಎಂದು ನಾನು ಸುಮ್ಮನಿರುತ್ತೇನೆ.

ಎದುರಾಳಿಯನ್ನು ವೈರಿಯೆಂದು ತಿಳಿಯಬಾರದೆಂಬ ಮಾತು ಬರಿಯ ಉಪದೇಶವೆಂದು ಮಕ್ಕಳು ಭಾವಿಸುವುದುಂಟು. ಅವರಿಗೆ ಜೂಡೋದ ಜನಕನ ಕಥೆ ಹೇಳಿ. ಜಿಗೊರೋ ಕಾನೋ ನಮ್ಮಂತೆಯೇ ಉಪಾಧ್ಯಾಯ ವೃತ್ತಿಯವರು. ಟೋಕಿಯೋದ ಉಪಾಧ್ಯಾಯರ ತರಬೇತಿ ಶಾಲೆಗೆ ದೀರ್ಘಕಾಲ ಮುಖ್ಯಸ್ಥರಾಗಿದ್ದರು. 1882ರಲ್ಲಿ ಬೆರಳೆಣಿಕೆಯ ಶಿಷ್ಯರೊಡನೆ ದೇವಾಲಯವೊಂದರಲ್ಲಿ ಅವರು ಈ ವಿದ್ಯೆಯನ್ನು ಆರಂಭಿಸಿದರು. ಅವರ ಮುಖ್ಯ ತತ್ತ್ವಗಳಲ್ಲಿ ಒಂದು ಪರಸ್ಪರ ಕ್ಷೇಮ. ಬೀಳಲು ಒಪ್ಪುವ ಜೊತೆಗಾರನಿಲ್ಲದೆ ಬೀಳಿಸುವ ವಿದ್ಯೆ ಬಾರದು. ಆದ್ದರಿಂದಲೇ ಆಟಕ್ಕೆ ಮುಂಚೆಯೂ ಅನಂತರವೂ ಅವನಿಗೆ ತಲೆಬಾಗುವುದು. ಮೈಸೂರಿನ ಗರಡಿಮನೆಗಳ ಪೈಲ್ವಾನರು ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು, ಕೈ ಕೂಡಿಸಿ ಕಾದಾಟ ಆರಂಭಿಸುವುದರಲ್ಲೂ ಇದೇ ಭಾವವಿದೆ.

1964ರಲ್ಲಿ ಟೋಕಿಯೋದ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಬಾರಿಗೆ ಸೇರಿತು. ತೂಕದ ಮಿತಿಯಿಲ್ಲದ ವಿಭಾಗದ ಅಂತಿಮ ಪಂದ್ಯದಲ್ಲಿ ಹಾಲೆಂಡಿನ ಆಂಟನ್ ಗೀಸಿಂಕ್, ಜಪಾನಿನ ಅಕಿಯೋ ಕಾಮಿನಾಗಾರನ್ನು ಅವರ ನೆಲದಲ್ಲೇ ಹಿಡಿದೊತ್ತಿ ಸೋಲಿಸಿದರು. ಸಭಾಂಗಣ ಸ್ತಬ್ಧವಾಯಿತು. ಸಂಭ್ರಮ ತಡೆಯಲಾರದೆ ಹಾಲೆಂಡಿನವರು ಚಾಪೆಯತ್ತ ಓಡಿಬಂದಾಗ ಗೀಸಿಂಕ್ ಕೈಯೆತ್ತಿ ಅವರನ್ನು ತಡೆದರು. ಕಾಮಿನಾಗಾ ಎದ್ದು ನಿಂತು, ವಂದನೆಗಳು ಮುಗಿಯಬೇಕಿತ್ತು. ಜಪಾನಿನವರು ಆ ಸೋಲನ್ನು ಮರೆತಿಲ್ಲ, ಆ ಎತ್ತಿದ ಕೈಯನ್ನೂ ಮರೆತಿಲ್ಲ. ತನ್ನವರನ್ನೇ ತಡೆಯುವ ಧೈರ್ಯ ದೊಡ್ಡದು. ನಮ್ಮ ಹುಡುಗನಿಗೆ ಹದಿನಾಲ್ಕು ವರ್ಷ. ಸೋದರಮಾವನಿಗೆ ಅವನು ಕೈ ತೋರಿಸುವುದು ಹೇಗೆ?

ಹಾಗಾದರೆ ಅನ್ಯಾಯವಾದರೂ ಬಾಯಿ ಮುಚ್ಚಿಕೊಂಡಿರಬೇಕೇ? ಬೇಡ. ತೀರ್ಪು ತಪ್ಪುವುದುಂಟು. ಆಕ್ಷೇಪಣೆಗೆ ದಾರಿಯಿದೆ, ಅದು ತರಬೇತುದಾರರ ಕೆಲಸ; ದೊಡ್ಡ ಪಂದ್ಯಗಳಲ್ಲಿ ಅವರು ಚಿತ್ರೀಕರಣವನ್ನು ಮರಳಿ ನೋಡುವಂತೆ ಕೇಳಬಹುದು. ಮಗುವಿನ ಕಿವಿಯಲ್ಲಿ ಮೋಸದ ಸಂಶಯ ಬಿತ್ತುವುದು ಆಕ್ಷೇಪಣೆಯಲ್ಲ.

ತೂಕದ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಕೆಳಗಿನ ತೂಕದ ವಿಭಾಗದಲ್ಲಿ ಗೆಲುವು ಸುಲಭವೆಂದು ಮಕ್ಕಳನ್ನು ಉಪವಾಸ ಕೆಡವುವ, ನೀರು ಕುಡಿಯಗೊಡದ, ದಪ್ಪ ಉಡುಪು ಹಾಕಿ ಓಡಿಸಿ ಬೆವರಿಸುವ ಪದ್ಧತಿಯನ್ನು ಕಣ್ಣಾರೆ ಕಂಡಿದ್ದೇನೆ. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಹೀಗೆ ತೂಕ ಇಳಿಸುತ್ತಾ ಮೂವರು ಕಾಲೇಜು ಕುಸ್ತಿಪಟುಗಳು ಒಂದು ತಿಂಗಳ ಆಸುಪಾಸಿನಲ್ಲಿ ತೀರಿಕೊಂಡರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಪ್ರಯತ್ನಿಸಿಯೂ 100 ಗ್ರಾಂ ಹೆಚ್ಚಿದ್ದ ಕಾರಣ ಅಂತಿಮ ಪಂದ್ಯದಿಂದ ಹೊರಗುಳಿದದ್ದನ್ನು ಇಡೀ ದೇಶ ಕಂಡಿತು. ನುರಿತ ವೈದ್ಯರೂ ತರಬೇತುದಾರರೂ ಸುತ್ತ ಇದ್ದವರ ಪಾಡೇ ಇದಾದರೆ, ಬೆಳೆಯುವ ವಯಸ್ಸಿನ ಮಕ್ಕಳ ಮೇಲೆ ನಾವು ಈ ಪ್ರಯೋಗ ಮಾಡುವುದೇ? ಇರುವ ತೂಕದಲ್ಲೇ ಆಡಲಿ. ಸೋತರೆ ಸೋಲಲಿ.

ಹಿಂದಿನ ರಾತ್ರಿ ಪದಕದ ಮಾತು ಬೇಡ. ಬೆಳಿಗ್ಗೆ ರೂಢಿಯ ತಿಂಡಿಯೇ ಇರಲಿ. ಅಂದು ಹೊಸ ಪುಷ್ಟಿಪದಾರ್ಥಗಳನ್ನು ಪರೀಕ್ಷಿಸಬೇಡಿ. ಸರದಿ ಕಾಯುವಾಗ ಕೈ ತಣ್ಣಗಾಗುವುದು, ಹೊಟ್ಟೆ ತೊಳಸಿದಂತಾಗುವುದು ಹೇಡಿತನವಲ್ಲ, ದೇಹ ಸಿದ್ಧವಾಗುತ್ತಿರುವ ಲಕ್ಷಣ ಎಂದು ಮೊದಲೇ ತಿಳಿಸಿ. ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಬಿಡುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಗ್ಯಾಲರಿಯಿಂದ "ಹೊಡಿ, ಬಿಡಬೇಡ" ಎಂದು ಕೂಗಬೇಡಿ. ಗುರುಗಳ ಮಾತು ಮಗುವಿಗೆ ಕೇಳಿಸಲಿ. ಮುಗಿದ ಮೇಲೆ ಮೊದಲು ಊಟ ಮಾಡಿಸಿ, ಪಂದ್ಯದ ಮಾತನ್ನು ಮಗುವೇ ಎತ್ತಲಿ.

ಆ ಹುಡುಗನ ಪ್ರಶ್ನೆ ನನ್ನನ್ನು ಕಾಡುತ್ತಲೇ ಇತ್ತು. ಒಂದು ತಿಂಗಳಾದ ಮೇಲೆ ಅವನನ್ನು ಒಪ್ಪಿಸಿ ಅವನ ಕರಾಟೆ ಗುರುಗಳ ಬಳಿಗೆ ಕರೆದೊಯ್ದೆ. ಅವರು ತೀರ್ಪಿನ ಮಾತನ್ನೇ ಎತ್ತಲಿಲ್ಲ. ಇನ್ನೊಬ್ಬ ಹುಡುಗನನ್ನು ಎದುರಿಗೆ ನಿಲ್ಲಿಸಿ, ಅಂದಿನಂತೆಯೇ ಆಡೆಂದರು. ನಾಲ್ಕು ಸಲ ಒದ್ದ; ನಾಲ್ಕು ಸಲವೂ ಎದುರಿನ ಹುಡುಗನ ಮುಷ್ಟಿ ಇವನ ಎದೆಗೆ ಬಂದು ತಾಗಿತು. ಐದನೆಯ ಸಲ ಕಾಲೆತ್ತಿದವನು ಅರ್ಧಕ್ಕೇ ನಿಂತು ತನ್ನ ಎಡಗೈಯನ್ನು ನೋಡಿಕೊಂಡ.

"ಒದೆಯುವಾಗ ಈ ಕೈ ಕೆಳಗೆ ಹೋಗ್ತದೆ ಸರ್" ಎಂದ, ನನ್ನ ಕಡೆ ತಿರುಗಿ.