ಮೈಸೂರಿನ ಒಂದು ಕ್ಷಕಿರಣ ಯಂತ್ರೋದ್ಯಮ

ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರವನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಶಾಸನಗಳ ಊರೆಂದೂ ಬಸವಣ್ಣನವರ ಕಥೆಯೊಡನೆ ಸೇರಿಕೊಂಡ ಊರೆಂದೂ ಬಲ್ಲೆವು. ಆದರೆ ಅಂಥ ಊರಿನ ರೈತನೊಬ್ಬನು ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಅವನ ಮನೆಯವರಿಗೆ ಏಳುವ ಪ್ರಶ್ನೆ ಬೇರೆ: ಎಕ್ಸ್‌ರೇ ಎಲ್ಲಿ ತೆಗೆಸಬೇಕು, ಅಲ್ಲಿಯ ಯಂತ್ರ ನಡೆಯುತ್ತಿದೆಯೇ? ಹತ್ತಿರದ ಯಂತ್ರ ಕೆಟ್ಟಿದ್ದರೆ ವಿಜಯಪುರದ ದಾರಿ ಹಿಡಿಯಬೇಕು. ಗಾಡಿಯ ಬಾಡಿಗೆಯೂ ಹೋಗುತ್ತದೆ, ಆ ದಿನದ ದುಡಿಮೆಯೂ ಹೋಗುತ್ತದೆ. ಈ ಯಂತ್ರಗಳನ್ನು ಯಾರು ಮಾಡುತ್ತಾರೆ, ಅವುಗಳ ಬಿಡಿಭಾಗಗಳು ಎಲ್ಲಿಂದ ಬರುತ್ತವೆ ಎಂಬ ವಿಚಾರವು ಆದುದರಿಂದ ಕೇವಲ ವ್ಯಾಪಾರದ ವಿಚಾರವಲ್ಲ.

1895ರ ನವೆಂಬರ್ 8ರಂದು ರಾಂಟ್‌ಗೆನ್ನನು ಜರ್ಮನಿಯ ವೂರ್ಟ್ಸ್‌ಬರ್ಗ್ ನಗರದಲ್ಲಿ ಕ್ಷಕಿರಣಗಳನ್ನು ಕಂಡುಹಿಡಿದನು. ಅವನು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ತತ್ತ್ವವು ಎಲ್ಲರ ಸೊತ್ತಾಯಿತು. ಆದರೆ ತತ್ತ್ವ ಸುಲಭವಾದಷ್ಟು ಯಂತ್ರ ಸುಲಭವಾಗಲಿಲ್ಲ. ಯಂತ್ರದ ಜೀವಾಳವಾದ ನಳಿಕೆಯಲ್ಲಿ, ಗಾಳಿಯನ್ನು ತೆಗೆದ ಗಾಜಿನ ಕೋಶದೊಳಗೆ, ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಸಾವಿರಾರು ವೋಲ್ಟುಗಳ ಸೆಳೆತದಿಂದ ಲೋಹದ ಫಲಕಕ್ಕೆ ಅಪ್ಪಳಿಸಬೇಕು. ಆ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಕ್ಷಕಿರಣವಾಗುತ್ತದೆ, ಉಳಿದುದೆಲ್ಲ ಬಿಸಿ. ಈ ಬಿಸಿಯನ್ನು ತಾಳಿಕೊಳ್ಳುವ ನಳಿಕೆಯನ್ನು ಮಾಡುವುದೇ ಈ ಉದ್ಯಮದ ಗುಟ್ಟು. ಅಮೆರಿಕದ ಜನರಲ್ ಇಲೆಕ್ಟ್ರಿಕ್ ಸಂಸ್ಥೆಯ ಕೂಲಿಜ್ 1913ರಲ್ಲಿ ಕಾದ ತಂತಿಯ ನಳಿಕೆಯನ್ನು ರೂಪಿಸಿದನು. ಆ ಸಂಸ್ಥೆಯ ವೈದ್ಯಕೀಯ ವ್ಯಾಪಾರ ಬೆಳೆದುದು ಬಹುಮಟ್ಟಿಗೆ ಈ ನಳಿಕೆಯ ಬಲದಿಂದ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ನೆಲ ಮೊದಲೇ ಹದವಾಗಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ರಕ್ಷಣಾ ಸಾಮಗ್ರಿಯ ಜೊತೆಗೆ ಕ್ಷಕಿರಣ ನಳಿಕೆಗಳನ್ನೂ ತಯಾರಿಸಿದುದುಂಟು. 1990ರಲ್ಲಿ ವಿಪ್ರೋ ಮತ್ತು ಜನರಲ್ ಇಲೆಕ್ಟ್ರಿಕ್ ಸೇರಿ ಬೆಂಗಳೂರಿನಲ್ಲಿ ಜಂಟಿ ಸಂಸ್ಥೆಯನ್ನು ಕಟ್ಟಿದವು. ಮೈಸೂರಿನಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯು ರೋಗಿಯ ನಾಡಿ, ಉಸಿರಾಟಗಳನ್ನು ತೋರಿಸುವ ಮಾನಿಟರುಗಳನ್ನೂ ಅಲ್ಟ್ರಾಸೌಂಡ್ ಯಂತ್ರಗಳನ್ನೂ ಮಾಡುತ್ತಿದ್ದಿತು. ಹೀಗಿರಲು 2007ರಲ್ಲಿ ವಿಶ್ವಪ್ರಸಾದ್ ಆಳ್ವರು ಮೈಸೂರಿನಲ್ಲಿ ಸ್ಕ್ಯಾನ್‌ರೇ ಟೆಕ್ನಾಲಜೀಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಈ ಸಂಸ್ಥೆ ಹಿಡಿದುಕೊಂಡುದು ಹೆಚ್ಚು ಆವರ್ತನದ ಕ್ಷಕಿರಣ ಜನಕಗಳ ತಂತ್ರವನ್ನು. ಹಳೆಯ ಜನಕಗಳಲ್ಲಿ ವೋಲ್ಟೇಜು ವಿದ್ಯುತ್ತಿನ ಅಲೆಯೊಡನೆ ಏರಿಳಿಯುತ್ತದೆ, ಟ್ರಾನ್ಸ್‌ಫಾರ್ಮರು ಭಾರಿಯಾಗಿರುತ್ತದೆ. ಆವರ್ತನವನ್ನು ಹೆಚ್ಚಿಸಿದರೆ ಟ್ರಾನ್ಸ್‌ಫಾರ್ಮರು ಚಿಕ್ಕದಾಗುತ್ತದೆ, ವೋಲ್ಟೇಜು ಸಮನಾಗಿ ನಿಲ್ಲುತ್ತದೆ, ಚಿತ್ರಕ್ಕೆ ಉಪಯೋಗವಿಲ್ಲದೆ ರೋಗಿಯ ಚರ್ಮಕ್ಕೆ ತಾಗುವ ಮೃದುಕಿರಣ ಕಡಿಮೆಯಾಗುತ್ತದೆ. ಯಂತ್ರ ಹಗುರಾದರೆ ಅದನ್ನು ಗಾಲಿಯ ಮೇಲೆ ಹಾಸಿಗೆಯ ಬಳಿಗೇ ತಳ್ಳಿಕೊಂಡು ಹೋಗಬಹುದು. ದೊಡ್ಡ ಆಸ್ಪತ್ರೆಗೆ ಇದೊಂದು ಅನುಕೂಲ. ಚಿಕ್ಕ ಊರಿನ ಆಸ್ಪತ್ರೆಗೆ ಯಂತ್ರ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ.

ಸಂಸ್ಥೆಯ ಮುಂದಿನ ಬೆಳವಣಿಗೆಯ ಬಹುಭಾಗ ನಡೆದುದು ಕೊಳ್ಳುವಿಕೆಯಿಂದ. 2012ರಲ್ಲಿ ಅದು ಲಾರ್ಸನ್ ಅಂಡ್ ಟೂಬ್ರೊದ ವೈದ್ಯಕೀಯ ಉಪಕರಣ ವಿಭಾಗವನ್ನೇ ಕೊಂಡಿತು. ಐದು ವರ್ಷದ ಕೂಸು ಹಿರಿಯ ಮನೆಯೊಂದರ ಭಾಗವನ್ನು ಕೊಂಡುದು ವಿಶೇಷವೇ. ಆದರೆ ನಮಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಇನ್ನೊಂದು ಹೆಜ್ಜೆ. ಇಟಲಿಯ ಬೊಲೋನ್ಯಾದಲ್ಲಿ ಕ್ಷಕಿರಣ ನಳಿಕೆಗಳನ್ನು ತಯಾರಿಸುವ ಸೆಯಿ ಎಂಬ ಸಂಸ್ಥೆಯನ್ನೂ ಅದು ತನ್ನ ಬಳಗಕ್ಕೆ ಸೇರಿಸಿಕೊಂಡಿತು. ಇದನ್ನು ಸ್ವದೇಶೀ ಭಾವನೆಗೆ ಒಪ್ಪದ ಕೆಲಸವೆಂದು ಕೆಲವರು ತಿಳಿಯಬಹುದು. ನಮಗೆ ಹಾಗೆನಿಸುವುದಿಲ್ಲ. ನಳಿಕೆಗಾಗಿ ಎದುರಾಳಿಯ ಬಾಗಿಲಲ್ಲಿ ನಿಲ್ಲುವವನು ಯಂತ್ರದ ಬೆಲೆಯನ್ನು ತಾನೇ ನಿರ್ಧರಿಸಲಾರನು.

2020ರ ಕೋವಿಡ್ ಕಾಲದಲ್ಲಿ ಈ ಸಂಸ್ಥೆಯ ಹೆಸರು ದೇಶಕ್ಕೆಲ್ಲ ತಿಳಿಯಿತು. ಅದಕ್ಕೆ ಕಾರಣ ಕ್ಷಕಿರಣವಲ್ಲ, ಕೃತಕ ಉಸಿರಾಟದ ಯಂತ್ರ. ಸ್ಕ್ಯಾನ್‌ರೇಯ ವಿನ್ಯಾಸವನ್ನು ಆಧರಿಸಿ, ರಕ್ಷಣಾ ಸಂಶೋಧನಾ ಸಂಸ್ಥೆಯ ನೆರವಿನಿಂದ, ಭಾರತ್ ಎಲೆಕ್ಟ್ರಾನಿಕ್ಸ್ ಕೆಲವೇ ತಿಂಗಳುಗಳಲ್ಲಿ 30,000 ವೆಂಟಿಲೇಟರುಗಳನ್ನು ತಯಾರಿಸಿತು. ಹೊರದೇಶಗಳಿಂದ ಬಿಡಿಭಾಗ ಬರುವುದು ನಿಂತಾಗ ಹಲವನ್ನು ಇಲ್ಲಿಯೇ ಮಾಡಬೇಕಾಗಿ ಬಂದಿತು.

ಅದೇ ವರ್ಷ ಕೇಂದ್ರ ಸರ್ಕಾರವು ವೈದ್ಯಕೀಯ ಉಪಕರಣಗಳ ಉತ್ಪಾದನೆಗೆ 3,420 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನು ಪ್ರಕಟಿಸಿತು. 2021ರಲ್ಲಿ ಸ್ಕ್ಯಾನ್‌ರೇಯು ಸಾರ್ವಜನಿಕರಿಂದ ಬಂಡವಾಳ ಎತ್ತುವ ಉದ್ದೇಶದಿಂದ ಸೆಬಿಗೆ ಕರಡುಪತ್ರವನ್ನು ಸಲ್ಲಿಸಿತು. ಉದ್ಯಮದ ಇತಿಹಾಸವನ್ನು ಬರೆಯಹೊರಡುವ ವಿದ್ಯಾರ್ಥಿಗಳಿಗೆ ಜಾಹೀರಾತಿಗಿಂತ ಇಂಥ ಪತ್ರಗಳು ಮೇಲು: ದಾನಶಾಸನದಲ್ಲಿ ಹೊಗಳಿಕೆಯನ್ನು ಬಿಟ್ಟು ಭೂಮಿಯ ಎಲ್ಲೆಯನ್ನು ಓದುವಂತೆ, ಇಲ್ಲಿ ಸಾಲ, ವ್ಯಾಜ್ಯ, ಅಪಾಯಗಳ ಪ್ರಕರಣಗಳನ್ನು ಮೊದಲು ಓದಬೇಕು. ಫಿಲ್ಮಿನ ಸ್ಥಾನಕ್ಕೆ ಬಂದಿರುವ, ಕಿರಣವನ್ನು ನೇರವಾಗಿ ಚಿತ್ರವಾಗಿಸುವ ಫಲಕಗಳು ನಮ್ಮ ದೇಶಕ್ಕೆ ಈಗಲೂ ಹೆಚ್ಚಾಗಿ ಹೊರಗಿನಿಂದಲೇ ಬರುತ್ತಿವೆ. ನಳಿಕೆಯ ಕಥೆ ಫಲಕದಲ್ಲಿ ಮತ್ತೆ ಮೊದಲಾಗಿದೆ.