ನಾಚಿಕೆ ಬೇಡ, ಮಲ ಪರೀಕ್ಷೆ ಮಾಡಿಸೋಣ

ವಿಶ್ವೇಶ್ವರಯ್ಯ ನಾಲೆ ನಮಗೆಲ್ಲ ಗೊತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಗದ್ದೆಗಳಿಗೆ ಅದರ ನೀರು ಬರುತ್ತದೆ. ನಾಲೆಯ ಏರಿಯಲ್ಲಿ ಸಣ್ಣ ತೂತು ಬಿತ್ತು ಅನ್ನಿ. ಆಗಲೇ ನೋಡಿದರೆ ಒಂದು ಮಂಕರಿ ಮಣ್ಣು ಸಾಕು. ನೋಡದೆ ಬಿಟ್ಟರೆ ಏರಿಯೇ ಒಡೆಯುತ್ತದೆ.

ನಮ್ಮ ಹೊಟ್ಟೆಯಲ್ಲೂ ಒಂದು ನಾಲೆ ಇದೆ. ಅದೇ ಕರುಳು. ವಯಸ್ಸಾದಂತೆ ಕೆಲವರ ದೊಡ್ಡ ಕರುಳಿನೊಳಗೆ ಸಣ್ಣ ಗಂಟು ಬೆಳೆಯುತ್ತದೆ. ಎಲ್ಲ ಗಂಟೂ ಕೆಟ್ಟದ್ದಲ್ಲ. ಕೆಲವು ಮಾತ್ರ ಹಲವು ವರ್ಷ ಕಳೆದು ಕ್ಯಾನ್ಸರ್ ಆಗುತ್ತವೆ. ಮೊದಲೇ ಗೊತ್ತಾದರೆ ಗಂಟನ್ನು ತೆಗೆದುಬಿಡಬಹುದು.

ಗೊತ್ತಾಗೋದು ಹೇಗೆ? ಇಂಥ ಗಂಟಿನಿಂದ ಒಮ್ಮೊಮ್ಮೆ ಚೂರು ರಕ್ತ ಒಸರುತ್ತದೆ. ಅದು ಮಲದಲ್ಲಿ ಸೇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಪರೀಕ್ಷೆಯಲ್ಲಿ ಕಾಣುತ್ತದೆ.

ಇದಕ್ಕೆ ಸೂಜಿ ಇಲ್ಲ, ನೋವಿಲ್ಲ. ಮನೆಯಲ್ಲೇ ಕಡ್ಡಿಯ ತುದಿಯಲ್ಲಿ ಚೂರು ಮಲ ತೆಗೆದು, ಸಣ್ಣ ಡಬ್ಬಿಗೆ ಹಾಕಿ ಕೊಟ್ಟರೆ ಆಯಿತು. ಜಪಾನಿನಲ್ಲಿ 40 ವರ್ಷ ದಾಟಿದವರಿಗೆ 1992ರಿಂದ ಈ ಪರೀಕ್ಷೆ ಇದೆ. ಇಂಗ್ಲೆಂಡಿನಲ್ಲಿ ವಯಸ್ಸಾದವರಿಗೆ ಎರಡು ವರ್ಷಕ್ಕೊಮ್ಮೆ ಡಬ್ಬಿ ಅಂಚೆಯಲ್ಲಿ ಮನೆಗೇ ಬರುತ್ತದೆ.

ನಮ್ಮಲ್ಲಿ ಹಾಗೆ ಬರುವುದಿಲ್ಲ. ಸರ್ಕಾರದವರು 30 ವರ್ಷ ದಾಟಿದ ಹೆಂಗಸರಿಗೆ ಬಾಯಿ, ಸ್ತನ, ಗರ್ಭಕೋಶದ ಬಾಯಿ, ಈ ಮೂರು ಕಡೆಯ ಕ್ಯಾನ್ಸರ್ ತಪಾಸಣೆ ಮಾಡುತ್ತಾರೆ. ಕರುಳಿನದು ಅದರಲ್ಲಿ ಸೇರಿಲ್ಲ. ಆದ್ದರಿಂದ ನಾವೇ ಬಾಯಿಬಿಟ್ಟು ಡಾಕ್ಟರನ್ನು ಕೇಳಬೇಕು.

ಮಲದಲ್ಲಿ ರಕ್ತ ಕಂಡರೆ ನಾವು ಏನಂತೀವಿ? "ಮೂಲವ್ಯಾಧಿ ಕಣಕ್ಕ, ಖಾರ ಕಮ್ಮಿ ಮಾಡು" ಅಂತೀವಿ. ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು. ಕಣ್ಣಿಗೇ ರಕ್ತ ಕಂಡರೆ ಮನೆ ಪರೀಕ್ಷೆ ಸಾಲದು. ನೇರ ಆಸ್ಪತ್ರೆಗೆ ಹೋಗಬೇಕು.

ಇವುಗಳನ್ನೂ ಗಮನಿಸೋಣ:

ಮಲ ಟಾರಿನಂತೆ ಕಪ್ಪಾಗುವುದು. ಕಬ್ಬಿಣದ ಮಾತ್ರೆ ನುಂಗಿದರೂ ಕಪ್ಪಾಗುತ್ತದೆ. ಮಾತ್ರೆ ವಿಷಯ ಡಾಕ್ಟರಿಗೆ ಹೇಳಿ.
ವಾರಗಟ್ಟಲೆ ಭೇದಿ ಅಥವಾ ಮಲಬದ್ಧತೆ.
ಕಾರಣವಿಲ್ಲದೆ ತೂಕ ಇಳಿಯುವುದು, ಸುಸ್ತು, ರಕ್ತಹೀನತೆ.

ಹೆತ್ತವರಿಗೆ, ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದ್ದರೆ ಅದನ್ನೂ ಮರೆಯದೆ ಹೇಳಿ.

ಪರೀಕ್ಷೆಯಲ್ಲಿ ರಕ್ತ ಸಿಕ್ಕಿದರೆ ಕ್ಯಾನ್ಸರ್ ಬಂತು ಅಂತ ಅಲ್ಲ. ಆಗ ಡಾಕ್ಟರು ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುತ್ತಾರೆ. ಗಂಟು ಸಿಕ್ಕಿದರೆ ಅನೇಕ ಸಲ ಆಗಲೇ ತೆಗೆಯುತ್ತಾರೆ. ಕ್ಯಾನ್ಸರ್ ಆಗಿದ್ದರೂ ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ. ಬೇಗ ಹೋದಷ್ಟೂ ಗುಣವಾಗುವುದು ಹೆಚ್ಚು.

ಮನೆ ಮಂದಿಯ ಕಾಯಿಲೆಯನ್ನೆಲ್ಲ ನಾವು ನೋಡುತ್ತೇವೆ. ನಮ್ಮದನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಡುತ್ತೇವೆ. ಇದು ಬೇಡ. ಗಂಡಸು ಡಾಕ್ಟರಿಗೆ ಹೇಳಲು ಸಂಕೋಚವೇ? ಆಶಾ ಕಾರ್ಯಕರ್ತೆಗೆ ಹೇಳಿ, ಅವರ ಜೊತೆ ಹೋಗಿ.

ಈ ಪಾಠವನ್ನು ಇವತ್ತೇ ಮನೆಯಲ್ಲಿ ಅತ್ತೆಗೂ ಅವ್ವನಿಗೂ ಓದಿ ಹೇಳೋಣ.