ಹೆಸರು ಆಮೇಲೆ, ಮೊದಲು ದೋಣಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ಸರಕು ಸಾಗಿಸುತ್ತ ಬದುಕಿದ ಕುಟುಂಬಗಳಿಗೆ ಇಂಥದ್ದೇ ಅನ್ನುವ ಊರಿರಲಿಲ್ಲ. ಅಣ್ಣ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದರೆ ತಂಗಿ ಬ್ರಾನ್‌ಸ್ಟನ್‌ನಲ್ಲಿ. ಅಜ್ಜನನ್ನು ಮಣ್ಣು ಮಾಡಿದ್ದು ಇನ್ನೆಲ್ಲೋ. ಅಂಥ ಮನೆತನದ ವಂಶವೃಕ್ಷ ಬರೆಯಹೊರಟವರು ಒಂದೇ ಊರಿನ ದಾಖಲೆ ಹಿಡಿದು ಕೂತರೆ ದಾರಿ ಸಿಗುವುದಿಲ್ಲ. ಮೊದಲು ದೋಣಿಯನ್ನು ಹುಡುಕಬೇಕು.

ರೈಲಿನ ಪೈಪೋಟಿಗೆ ಸಾಗಣೆಯ ದರ ಬಿದ್ದಾಗ, ಕೂಲಿಯಾಳಿಗೂ ದಡದ ಮನೆಗೂ ದುಡ್ಡು ಸಾಲದೆ ಎಷ್ಟೋ ಜನ ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು. ಸುಮಾರು 70 ಅಡಿ ಉದ್ದ, 7 ಅಡಿ ಅಗಲದ ದೋಣಿಯಲ್ಲಿ ಬಹುಪಾಲು ಜಾಗ ಕಲ್ಲಿದ್ದಲಿನಂಥ ಸರಕಿಗೆ. ಸಂಸಾರಕ್ಕೆ ಉಳಿದದ್ದು ಹಿಂಬದಿಯ ಪುಟ್ಟ ಕೋಣೆ: ಒಂದು ಒಲೆ, ಬಾಗಿಲು ಕೆಳಗಿಳಿಸಿದರೆ ಊಟದ ಹಲಗೆಯಾಗುವ ಬೀರು, ರಾತ್ರಿ ಅಡ್ಡಲಾಗಿ ಬಿಡಿಸುವ ಹಾಸಿಗೆ. ಅಷ್ಟರಲ್ಲೇ ಹೆರಿಗೆ, ಬಾಣಂತನ. ಆದರೂ ಗೋಡೆ ಬಾಗಿಲುಗಳ ಮೇಲೆ ಗುಲಾಬಿ, ಕೋಟೆಗಳ ಚಿತ್ತಾರ ಬರೆಸದೆ ಅವರಿರುತ್ತಿರಲಿಲ್ಲ.

ಈ ಬದುಕಿನ ಇಕ್ಕಟ್ಟನ್ನು ಕಂಡು ದನಿಯೆತ್ತಿದವರು ಕೋಲ್‌ವಿಲ್‌ನ ಜಾರ್ಜ್ ಸ್ಮಿತ್. ಅವರ ಹೋರಾಟದ ಫಲವಾಗಿ 1877ರಲ್ಲಿ ಕಾಯ್ದೆ ಬಂತು. ಜನ ವಾಸಿಸುವ ದೋಣಿಗಳ ನೋಂದಣಿ ಕಡ್ಡಾಯವಾಯಿತು. ಮಾಲೀಕ ಯಾರು, ನಡೆಸುವವ ಯಾರು, ಓಡಾಟ ಯಾವ ಮಾರ್ಗದಲ್ಲಿ, ಎಷ್ಟು ಜನ ಮಲಗಬಹುದು ಎಂಬುದೆಲ್ಲ ಪುಸ್ತಕಕ್ಕೆ ಏರಿತು. ನೋಂದಾಯಿಸಿದ ಊರು, ಸಂಖ್ಯೆಗಳನ್ನು ದೋಣಿಯ ಮೇಲೂ ಬರೆಯಬೇಕಿತ್ತು. ಹಾಗಾಗಿ ಮನೆಯಲ್ಲೊಂದು ಹಳೆಯ ಫೋಟೊ ಇದ್ದರೆ ಭೂತಗನ್ನಡಿ ಹಿಡಿದು ಮೊದಲು ಆ ಅಕ್ಷರಗಳನ್ನು ಓದಿ. ಮುಖಗಳು ಹೇಳದ್ದನ್ನು ಅವು ಹೇಳುತ್ತವೆ.

ಜನಗಣತಿಯನ್ನು ಅಷ್ಟಾಗಿ ನಂಬುವಂತಿಲ್ಲ. 1841ರಲ್ಲಿ ದೋಣಿಯಲ್ಲಿದ್ದವರ ಹೆಸರನ್ನೇ ಬರೆದುಕೊಳ್ಳಲಿಲ್ಲ. ಮುಂದೆ ದೋಣಿಗಳಿಗೆಂದೇ ಬೇರೆ ಪಟ್ಟಿ ಬಂದರೂ, ಆ ಒಂದು ರಾತ್ರಿ ದೋಣಿ ಎಲ್ಲಿ ನಿಂತಿತ್ತೋ ಅಲ್ಲಿನ ಲೆಕ್ಕಕ್ಕೆ ಸೇರಿತು. ಚರ್ಚ್ ದಾಖಲೆಗಳಲ್ಲಿ ಇನ್ನೊಂದು ತೊಡಕು. ಓದು ಬರಹ ಬಾರದವರು ಸಹಿಯ ಜಾಗದಲ್ಲಿ ಗುರುತು ಹಾಕುತ್ತಿದ್ದರು, ಪಾದ್ರಿ ಕಿವಿಗೆ ಬಿದ್ದಂತೆ ಹೆಸರು ಬರೆಯುತ್ತಿದ್ದ. ಒಂದೇ ಮನೆತನ ಮೂರು ಬಗೆಯ ಅಕ್ಷರಗಳಲ್ಲಿ ಸಿಕ್ಕರೆ ಗಾಬರಿ ಬೇಡ.

1962-63ರ ಕಡುಚಳಿಗೆ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದ ಮೇಲೆ ಈ ಕಸುಬು ಮತ್ತೆ ಚೇತರಿಸಿಕೊಳ್ಳಲಿಲ್ಲ. ದೋಣಿಯಲ್ಲಿ ಬೆಳೆದ ಕೊನೆಯ ತಲೆಮಾರಿನವರಿಗೆ ಈಗ ವಯಸ್ಸಾಗಿದೆ. ಅಂಥ ಹಿರಿಯರು ಮನೆಯಲ್ಲಿದ್ದರೆ ದೋಣಿಯ ಹೆಸರು, ಕಂಪನಿ, ತಂಗುತ್ತಿದ್ದ ಕಟ್ಟೆಗಳು, ಎಲ್ಲವನ್ನೂ ಕೇಳಿ ಈಗಲೇ ಬರೆದಿಟ್ಟುಕೊಳ್ಳಿ. ದಾಖಲೆ ಕೋಣೆಗೆ ಆಮೇಲೆ ಹೋಗಬಹುದು.